ಲೆಕ್ಕದಲ್ಲಿ ಮಿಗತೆ, ನೆಲದಡಿಯಲ್ಲಿ ಕೊರತೆ: ನೀರಿನ ದರ ಏಕೆ ಏರುತ್ತದೆ?

ನಗರಾಡಳಿತದ ಒಡೆತನದ ನೀರು ಸರಬರಾಜು ಸಂಸ್ಥೆ ವಾರ್ಷಿಕ ಲೆಕ್ಕಪತ್ರ ಮಂಡಿಸುತ್ತದೆ. ಖರ್ಚೆಲ್ಲ ಕಳೆದು ಇಷ್ಟು ಮಿಗತೆ ಎಂದು ಅದರಲ್ಲಿ ಬರೆದಿರುತ್ತದೆ. ಲೆಕ್ಕಪರಿಶೋಧಕರ ಸಹಿಯೂ ಬಿದ್ದಿರುತ್ತದೆ. ಅದೇ ಸಭೆಯ ಮುಂದಿನ ವಿಷಯ ನೀರಿನ ದರ ಏರಿಕೆ, ಅದರ ಮುಂದಿನದು ಹೊಸ ಸಾಲಕ್ಕೆ ಒಪ್ಪಿಗೆ. ಮರುದಿನ ಮೂರೂ ಸುದ್ದಿಗಳನ್ನು ಒಟ್ಟಿಗೆ ಓದಿದವರಿಗೆ ಏನೂ ಅರ್ಥವಾಗುವುದಿಲ್ಲ. ಹಣ ಉಳಿದಿದ್ದರೆ ದರ ಏಕೆ ಏರಿಸಬೇಕು? ದರ ಏರಿಸಿದ ಮೇಲೂ ಸಾಲ ಏಕೆ ಮಾಡಬೇಕು?

ಹಲವು ದೇಶಗಳ ನಗರಗಳಿಂದ ಈಗ ಇಂಥ ಸುದ್ದಿ ಬರುತ್ತಿದೆ. ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ಹೂತ ಪೈಪುಗಳು ಮತ್ತು ಆಗ ಕಟ್ಟಿದ ಶುದ್ಧೀಕರಣ ಘಟಕಗಳ ಆಯಸ್ಸು ಒಟ್ಟೊಟ್ಟಿಗೆ ಮುಗಿಯುತ್ತಾ ಬಂದಿದೆ. 2022ರ ನಂತರ ಬಡ್ಡಿದರವೂ ಏರಿದ್ದರಿಂದ, ಹತ್ತು ವರ್ಷ ಮೊದಲು ಅಗ್ಗಕ್ಕೆ ಸಿಗುತ್ತಿದ್ದ ಸಾಲ ತುಟ್ಟಿಯಾಗಿದೆ. ಇಂಥ ಹೊತ್ತಿನಲ್ಲಿ "ಸಂಸ್ಥೆ ಲಾಭದಲ್ಲಿದೆ" ಎಂಬ ಮಾತಿಗೂ "ಸಂಸ್ಥೆ ಸಂಕಷ್ಟದಲ್ಲಿದೆ" ಎಂಬ ಮಾತಿಗೂ ವಿರೋಧವಿಲ್ಲ. ಎರಡೂ ನಿಜವಾಗಿರಬಹುದು. ಹೇಗೆ ಎಂದು ತಿಳಿಯಬೇಕಾದರೆ ಮೊದಲು ಆ ಮಿಗತೆಯನ್ನೇ ಬಿಚ್ಚಿ ನೋಡಬೇಕು.

ಮಿಗತೆ ಎಲ್ಲಿಂದ ಬಂತು?

ಪಂಪ್ ಓಡಿಸುವ ವಿದ್ಯುತ್ತು, ಸಿಬ್ಬಂದಿಯ ಸಂಬಳ, ಕ್ಲೋರಿನ್, ಸಣ್ಣಪುಟ್ಟ ದುರಸ್ತಿ, ಹಳೆಯ ಸಾಲದ ಬಡ್ಡಿ. ಇವೆಲ್ಲ ಆಯಾ ವರ್ಷದ ಖರ್ಚುಗಳು, ಲೆಕ್ಕ ಹಿಡಿಯುವುದು ಸುಲಭ. ಕಷ್ಟವಿರುವುದು ಸವಕಳಿಯಲ್ಲಿ. ಪೈಪ್, ಟ್ಯಾಂಕು, ಯಂತ್ರಗಳು ಪ್ರತಿವರ್ಷ ಎಷ್ಟು ಸವೆದವು ಎಂದು ಅಂದಾಜು ಮಾಡಿ ಅಷ್ಟನ್ನು ಖರ್ಚೆಂದು ತೋರಿಸುವುದೇ ಸವಕಳಿ. ಹೆಚ್ಚಿನ ಕಡೆ ಇದನ್ನು ಆ ಆಸ್ತಿಯನ್ನು ಕೊಂಡ ದಿನದ ಬೆಲೆಯ ಮೇಲೆ ಲೆಕ್ಕ ಹಾಕುತ್ತಾರೆ.

ತೊಡಕು ಇಲ್ಲಿಂದಲೇ ಶುರುವಾಗುತ್ತದೆ. 50 ವರ್ಷದ ಹಿಂದೆ ಹಾಕಿದ ಪೈಪಿನ ಬೆಲೆ ಲೆಕ್ಕಪುಸ್ತಕದಲ್ಲಿ ಇಂದಿಗೆ ಹೆಚ್ಚುಕಡಿಮೆ ಸೊನ್ನೆಗೆ ಇಳಿದಿರುತ್ತದೆ. ಪುಸ್ತಕದ ಪ್ರಕಾರ ಅದು ಸವೆದು ಮುಗಿದಿದೆ, ಹಾಗಾಗಿ ಅದರ ಹೆಸರಿನಲ್ಲಿ ಈ ವರ್ಷ ಯಾವ ಖರ್ಚೂ ಬೀಳುವುದಿಲ್ಲ. ಖರ್ಚು ಕಡಿಮೆ ಕಂಡಷ್ಟೂ ಮಿಗತೆ ದೊಡ್ಡದಾಗಿ ಕಾಣುತ್ತದೆ. ಆದರೆ ಅದೇ ಪೈಪನ್ನು ಇಂದು ಬದಲಿಸಬೇಕಾದರೆ? ಬೆಲೆ ವರ್ಷಕ್ಕೆ ಶೇ 5ರಂತೆ ಏರಿದೆ ಎಂದುಕೊಂಡರೂ 50 ವರ್ಷದಲ್ಲಿ ಅದು 11 ಪಟ್ಟು ದಾಟುತ್ತದೆ. ಅಂದು 1 ಕೋಟಿಯಲ್ಲಿ ಮುಗಿದ ಕೆಲಸಕ್ಕೆ ಇಂದು 11 ಕೋಟಿಗೂ ಹೆಚ್ಚು ಬೇಕು. ಈ ಅಂತರ ಲಾಭ–ನಷ್ಟದ ಪಟ್ಟಿಯಲ್ಲಿ ಎಲ್ಲೂ ಕಾಣಿಸುವುದಿಲ್ಲ. ಆಸ್ತಿ ಹಳತಾದಷ್ಟೂ ಸಂಸ್ಥೆ ಕಾಗದದ ಮೇಲೆ ಹೆಚ್ಚು ಲಾಭದಲ್ಲಿದ್ದಂತೆ ತೋರುತ್ತದೆ.

ಇನ್ನೊಂದು ಕಾರಣ ಇದಕ್ಕಿಂತ ಸರಳ, ಆದರೆ ಹೆಚ್ಚು ಕಳವಳದ್ದು. ಸಂಸ್ಥೆ ತನ್ನ ವಾರ್ಷಿಕ ಯೋಜನೆಯಲ್ಲಿ ಇಷ್ಟು ಕಾಮಗಾರಿ ಮಾಡುತ್ತೇನೆ ಎಂದು ಬರೆದಿರುತ್ತದೆ. ಟೆಂಡರ್ ತಡವಾಗುತ್ತದೆ, ಜಾಗ ಸಿಗುವುದಿಲ್ಲ, ಎಂಜಿನಿಯರುಗಳ ಹುದ್ದೆ ಖಾಲಿ ಇರುತ್ತದೆ. ವರ್ಷದ ಕೊನೆಗೆ ಅರ್ಧ ಕೆಲಸವೂ ಆಗಿರುವುದಿಲ್ಲ. ಅದಕ್ಕೆಂದು ತೆಗೆದಿಟ್ಟ ಹಣ ಖಾತೆಯಲ್ಲೇ ಉಳಿಯುತ್ತದೆ. ಸುದ್ದಿ ಬರುವಾಗ ಅದೂ ಮಿಗತೆಯ ಜೊತೆಗೇ ಸೇರಿಹೋಗುತ್ತದೆ. ಅಂದರೆ ನಾವು ಶಿಸ್ತು ಎಂದುಕೊಂಡಿದ್ದು ನಿಜಕ್ಕೂ ಆಗದೇ ಉಳಿದ ಕೆಲಸವಾಗಿರಬಹುದು. ಹಾಗಾಗಿ ಮಿಗತೆ ಎಷ್ಟು ಎಂದು ಕೇಳುವ ಮೊದಲು, ಯೋಜನೆಯಲ್ಲಿದ್ದ ಕಾಮಗಾರಿಗಳಲ್ಲಿ ಎಷ್ಟು ಮುಗಿದವು ಎಂದು ಕೇಳಬೇಕು.

ಮುಂದೂಡುವುದೂ ಒಂದು ಸಾಲ

ಒಂದು ನಗರದಲ್ಲಿ 1,000 ಕಿಲೋಮೀಟರ್ ನೀರಿನ ಪೈಪ್ ಇದೆ, ಪೈಪಿನ ಸರಾಸರಿ ಆಯಸ್ಸು 80 ವರ್ಷ ಎಂದುಕೊಳ್ಳೋಣ. ವ್ಯವಸ್ಥೆ ಇದ್ದ ಸ್ಥಿತಿಯಲ್ಲೇ ಉಳಿಯಬೇಕಾದರೆ ವರ್ಷಕ್ಕೆ ಹನ್ನೆರಡೂವರೆ ಕಿ.ಮೀ. ಬದಲಿಸುತ್ತಿರಬೇಕು. ಹಣ ಸಾಲದೆಂದು 5 ಕಿ.ಮೀ. ಮಾತ್ರ ಬದಲಿಸಿದರೆ ಒಂದು ಸುತ್ತು ಮುಗಿಯಲು 200 ವರ್ಷ ಬೇಕು. ಪ್ರತಿವರ್ಷ ಏಳೂವರೆ ಕಿ.ಮೀ. ಬಾಕಿ ಉಳಿಯುತ್ತದೆ, 20 ವರ್ಷದಲ್ಲಿ ಆ ಬಾಕಿ 150 ಕಿ.ಮೀ. ಆಗುತ್ತದೆ.

ಆ 20 ವರ್ಷ ದರ ಏರಿಲ್ಲ, ಜನ ನೆಮ್ಮದಿಯಾಗಿದ್ದಾರೆ, ಆಡಳಿತ ನಡೆಸಿದವರಿಗೆ ಒಳ್ಳೆಯ ಹೆಸರು ಬಂದಿದೆ. ಆದರೆ 150 ಕಿ.ಮೀ. ಪೈಪಿನ ಬಾಧ್ಯತೆ ಮುಂದಿನವರ ತಲೆಯ ಮೇಲೆ ಕೂತಿದೆ. ಇದು ಸಾಲವೇ. ಬ್ಯಾಂಕಿನ ಸಾಲಕ್ಕೆ ಕರಾರುಪತ್ರವಿದೆ, ಬಡ್ಡಿ ಎಷ್ಟೆಂದು ಮೊದಲೇ ಗೊತ್ತಿರುತ್ತದೆ, ಸಭೆಯಲ್ಲಿ ಅದರ ಮೇಲೆ ಮತ ಹಾಕುತ್ತಾರೆ. ಈ ಸಾಲಕ್ಕೆ ಯಾವುದೂ ಇಲ್ಲ. ಬಡ್ಡಿ ಸೋರಿಕೆಯ ರೂಪದಲ್ಲಿ, ಒಡೆದ ಪೈಪಿನಿಂದ ಕುಸಿದ ರಸ್ತೆಯ ರೂಪದಲ್ಲಿ, ಕಲುಷಿತ ನೀರು ಕುಡಿದು ಬಂದ ಕಾಯಿಲೆಯ ರೂಪದಲ್ಲಿ ವಸೂಲಾಗುತ್ತದೆ. ಪೈಪ್ ಒಡೆದ ಮೇಲೆ ನಡುರಾತ್ರಿ ಮಾಡುವ ದುರಸ್ತಿ, ಯೋಜನೆ ಹಾಕಿ ಮಾಡುವ ಬದಲಾವಣೆಗಿಂತ ಸಾಮಾನ್ಯವಾಗಿ ದುಬಾರಿ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವವನು ಕೂಲಿಯ ದರ ಚೌಕಾಸಿ ಮಾಡುವ ಸ್ಥಿತಿಯಲ್ಲಿ ಇರುವುದಿಲ್ಲವಲ್ಲ.

ಸಾಲ ಮಾಡಬೇಕೆ, ಬೇಡವೆ?

ಇದರ ಬಗ್ಗೆ ಪ್ರಾಮಾಣಿಕವಾದ ಭಿನ್ನಾಭಿಪ್ರಾಯಗಳಿವೆ. ಮೊದಲ ಪಕ್ಷದ ವಾದ: ಇಂದು ಕಟ್ಟುವ ಶುದ್ಧೀಕರಣ ಘಟಕವನ್ನು ಮುಂದಿನ 40 ವರ್ಷದ ಜನ ಬಳಸುತ್ತಾರೆ. ಅದರ ಪೂರ್ತಿ ಖರ್ಚನ್ನು ಇಂದಿನವರ ಬಿಲ್ಲಿಗೆ ಹಾಕುವುದು ಅನ್ಯಾಯ. ಸಾಲ ಮಾಡಿದರೆ ಬಳಸುವವರೇ ಬಳಸಿದಷ್ಟು ಕಾಲ ಕಟ್ಟಿದಂತಾಗುತ್ತದೆ. ಎರಡನೆಯ ಪಕ್ಷ ಬಡ್ಡಿಯ ಲೆಕ್ಕ ಮುಂದಿಡುತ್ತದೆ. ಶೇ 6ರ ಬಡ್ಡಿಗೆ 30 ವರ್ಷಕ್ಕೆ 100 ಕೋಟಿ ಸಾಲ ಪಡೆದರೆ ವರ್ಷಕ್ಕೆ ಸುಮಾರು 7.26 ಕೋಟಿ ಕಂತು, ಕೊನೆಗೆ ಕಟ್ಟಿದ್ದು ಸುಮಾರು 218 ಕೋಟಿ. ವರ್ಷವರ್ಷ ಸ್ವಲ್ಪ ಸ್ವಲ್ಪ ದರ ಏರಿಸಿ ಕೈಯಲ್ಲಿರುವ ಹಣದಲ್ಲೇ ಕೆಲಸ ಮಾಡಿದ್ದರೆ ಆ 118 ಕೋಟಿ ಉಳಿಯುತ್ತಿತ್ತು ಎನ್ನುತ್ತದೆ ಈ ಪಕ್ಷ.

ಕೆಲಸದ ಸ್ವಭಾವ ನೋಡಿದರೆ ಎರಡನ್ನೂ ಒಪ್ಪಬಹುದು. ಪ್ರತಿವರ್ಷ ಬರುವ ಪೈಪ್ ಬದಲಾವಣೆಗೆ ಪ್ರತಿವರ್ಷದ ಆದಾಯವೇ ಸಾಕಾಗಬೇಕು. ಅದಕ್ಕೂ ಸಾಲ ಮಾಡುತ್ತಿರುವ ಸಂಸ್ಥೆ ದಿನಸಿಗೆ ಸಾಲ ಮಾಡುವ ಮನೆಯ ಹಾಗೆ. ತಲೆಮಾರಿಗೊಮ್ಮೆ ಬರುವ ಜಲಾಶಯ, ದೊಡ್ಡ ಘಟಕಗಳಿಗೆ ಸಾಲವೇ ನ್ಯಾಯ. ಆದರೆ ಸಾಲದ ಅವಧಿ ಆಸ್ತಿಯ ಆಯಸ್ಸನ್ನು ಮೀರಬಾರದು. 15 ವರ್ಷ ಬಾಳುವ ಪಂಪಿಗೆ 30 ವರ್ಷದ ಸಾಲ ತೆಗೆದರೆ, ಇಲ್ಲದ ಪಂಪಿಗೆ 15 ವರ್ಷ ಕಂತು ಕಟ್ಟಬೇಕಾಗುತ್ತದೆ.

ಸಾಲ ಕೊಟ್ಟವರೂ ಒಂದು ಷರತ್ತು ಹಾಕುತ್ತಾರೆ. ನಿರ್ವಹಣಾ ವೆಚ್ಚ ಕಳೆದ ಮೇಲೆ ಉಳಿಯುವ ಆದಾಯ ಆ ವರ್ಷದ ಅಸಲು–ಬಡ್ಡಿಯ ಇಷ್ಟು ಪಟ್ಟಾದರೂ ಇರಬೇಕು ಎಂದು. ಅಮೆರಿಕದ ನೀರು ಸರಬರಾಜು ಸಂಸ್ಥೆಗಳು ಹೂಡಿಕೆದಾರರಿಂದ ಸಾಲ ಎತ್ತುವ ಬಾಂಡ್‌ಗಳಲ್ಲಿ 1.2 ಪಟ್ಟು, 1.25 ಪಟ್ಟು ಎಂಬ ಷರತ್ತು ಸಾಮಾನ್ಯ. ಮಿಗತೆಯಿದ್ದೂ ದರ ಏರುವುದಕ್ಕೆ ಎಷ್ಟೋ ಸಲ ಇದೇ ಕಾರಣ. 10 ಕೋಟಿ ಕಂತು ಕಟ್ಟಬೇಕಾದ ಸಂಸ್ಥೆ 12 ಕೋಟಿ ಉಳಿಸಿ ತೋರಿಸಲೇಬೇಕು. ಆ ಮೇಲಿನ 2 ಕೋಟಿ ಸುದ್ದಿಯಲ್ಲಿ ಲಾಭ ಎಂದು ಬರುತ್ತದೆ. ಸಂಸ್ಥೆಯ ಪಾಲಿಗೆ ಅದು ಮುಟ್ಟಬಾರದ ಗಡಿ.

ಜೆಫರ್ಸನ್ ಕೌಂಟಿಯಲ್ಲಿ ಆದದ್ದು

ಯೋಜನೆ ಮತ್ತು ಕಾವಲು ಎರಡೂ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಅಲಬಾಮಾ ರಾಜ್ಯದ ಜೆಫರ್ಸನ್ ಕೌಂಟಿಯ ಒಳಚರಂಡಿ ವ್ಯವಸ್ಥೆಗಿಂತ ಸ್ಪಷ್ಟವಾದ ಪಾಠ ಸಿಗಲಾರದು. ಬರ್ಮಿಂಗ್‌ಹ್ಯಾಮ್ ನಗರ ಇರುವುದು ಈ ಕೌಂಟಿಯಲ್ಲಿ (ಕೌಂಟಿ ಎಂದರೆ ಜಿಲ್ಲೆಯಂಥ ಆಡಳಿತ ಘಟಕ). ದಶಕಗಳ ಕಾಲ ನಿರ್ಲಕ್ಷಿಸಿದ ಒಳಚರಂಡಿಯಿಂದ ಕೊಳಚೆ ನೇರವಾಗಿ ನದಿ ಸೇರುತ್ತಿತ್ತು. 1996ರಲ್ಲಿ ನ್ಯಾಯಾಲಯದ ಮೂಲಕ ಆದ ಒಪ್ಪಂದದಂತೆ ಕೌಂಟಿ ಇಡೀ ವ್ಯವಸ್ಥೆಯನ್ನು ಸರಿಪಡಿಸಲೇಬೇಕಾಯಿತು. ಮುಂದೂಡಿದ್ದೆಲ್ಲ ಒಮ್ಮೆಲೇ ಎದುರು ಬಂದು ನಿಂತಿತು.

ಒಳಚರಂಡಿಯ ಸಾಲ ಬೆಳೆಯುತ್ತ 300 ಕೋಟಿ ಡಾಲರ್ ದಾಟಿತು. ಬಿಲ್ ಹೆಚ್ಚಾಗಿ ಜನ ಸಿಟ್ಟಾದರು. ಆಗ ಬ್ಯಾಂಕುಗಳು ಒಂದು ದಾರಿ ತೋರಿಸಿದವು: ಸ್ಥಿರ ಬಡ್ಡಿಯ ಸಾಲ ಬಿಟ್ಟು ಬದಲಾಗುವ ಬಡ್ಡಿಯ ಸಾಲಕ್ಕೆ ಹೋಗಿ, ಬಡ್ಡಿ ಏರಿಳಿದರೆ ರಕ್ಷಣೆಗೆ 'ಸ್ವಾಪ್' ಎಂಬ, ಬಡ್ಡಿ ಪಾವತಿಯನ್ನು ಅದಲುಬದಲು ಮಾಡಿಕೊಳ್ಳುವ ಒಪ್ಪಂದಗಳಿವೆ. 2002–03ರ ಹೊತ್ತಿಗೆ ಸಾಲದ ಹೆಚ್ಚಿನ ಪಾಲು ಹೀಗೆ ಬದಲಾಯಿತು. ಕಂತು ಇಳಿಯಿತು, ದರ ಏರಿಸುವ ನೋವು ತಪ್ಪಿತು. ಆದರೆ ಆ ಒಪ್ಪಂದಗಳು ಎಷ್ಟು ಜಟಿಲವಾಗಿದ್ದವೆಂದರೆ, ಅದಕ್ಕೆ ಕೈ ಎತ್ತಿದ ಚುನಾಯಿತ ಸದಸ್ಯರಿಗೆ ಅಪಾಯವನ್ನು ತೂಗಿ ನೋಡುವ ದಾರಿಯೇ ಇರಲಿಲ್ಲ. ಅವರ ಪರವಾಗಿ ನಿಂತು ಪ್ರಶ್ನೆ ಕೇಳಬಲ್ಲ, ಬ್ಯಾಂಕಿನ ಹಂಗಿಲ್ಲದ ಸಲಹೆಗಾರರು ಅಲ್ಲಿ ತುರ್ತಾಗಿ ಬೇಕಿತ್ತು.

2008ರಲ್ಲಿ ಹಣಕಾಸು ಮಾರುಕಟ್ಟೆ ಕುಸಿಯಿತು. ಈ ಬಾಂಡ್‌ಗಳಿಗೆ ಖಾತರಿ ಕೊಟ್ಟಿದ್ದ ವಿಮಾ ಕಂಪನಿಗಳ ಶ್ರೇಣಿ (ಸಾಲ ತೀರಿಸುವ ಶಕ್ತಿಗೆ ಸಿಗುವ ದರ್ಜೆ) ಇಳಿಯಿತು, ಬಾಂಡ್ ಕೊಳ್ಳುವವರು ಇಲ್ಲವಾದರು, ಬಡ್ಡಿ ಚಿಮ್ಮಿತು. ರಕ್ಷಣೆಗೆಂದು ಮಾಡಿಕೊಂಡ ಸ್ವಾಪ್‌ಗಳು ರಕ್ಷಿಸಲಿಲ್ಲ. ತನಿಖೆಯಲ್ಲಿ ಲಂಚದ ಕಥೆಯೂ ಹೊರಬಂತು. ಕೌಂಟಿ ಆಯೋಗದ ಅಧ್ಯಕ್ಷರಾಗಿದ್ದು, ಮುಂದೆ ಬರ್ಮಿಂಗ್‌ಹ್ಯಾಮ್ ಮೇಯರ್ ಆದ ಲ್ಯಾರಿ ಲ್ಯಾಂಗ್‌ಫರ್ಡ್ 2009ರಲ್ಲಿ ಅಪರಾಧಿ ಎಂದು ಸಾಬೀತಾದರು. ಅದೇ ವರ್ಷ ಜೆ.ಪಿ. ಮೋರ್ಗನ್ ಬ್ಯಾಂಕು ಆರೋಪವನ್ನು ಒಪ್ಪಿಕೊಳ್ಳದೆ, ನಿರಾಕರಿಸಲೂ ಇಲ್ಲದೆ 7.5 ಕೋಟಿ ಡಾಲರ್ ಕಟ್ಟಿ, ಸ್ವಾಪ್ ರದ್ದತಿಗೆಂದು ಕೌಂಟಿಯಿಂದ ತನಗೆ ಬರಬೇಕೆಂದಿದ್ದ 64.7 ಕೋಟಿ ಡಾಲರ್ ಶುಲ್ಕವನ್ನೂ ಬಿಟ್ಟುಕೊಟ್ಟು ಪ್ರಕರಣ ಮುಗಿಸಿಕೊಂಡಿತು. ಅಷ್ಟಾದರೂ ಸಾಲದ ಹೊರೆ ತಾಳಲಾಗದೆ 2011ರ ನವೆಂಬರ್‌ನಲ್ಲಿ ಕೌಂಟಿ ದಿವಾಳಿ ಅರ್ಜಿ ಹಾಕಿತು. ಒಟ್ಟು ಸಾಲ 420 ಕೋಟಿ ಡಾಲರ್ ಆಸುಪಾಸು. 2013ರಲ್ಲಿ ಡೆಟ್ರಾಯಿಟ್ ನಗರ ಅದನ್ನು ಮೀರಿಸುವವರೆಗೆ ಅಮೆರಿಕದ ಸ್ಥಳೀಯ ಆಡಳಿತಗಳ ಅತಿ ದೊಡ್ಡ ದಿವಾಳಿ ಅದೇ ಆಗಿತ್ತು.

ಲಂಚ ಕಥೆಯ ಕೊನೆಯ ಭಾಗ ಮಾತ್ರ. ಅದನ್ನೇ ಇಡೀ ಕಥೆ ಎಂದುಕೊಂಡರೆ ಪಾಠ ಕೈತಪ್ಪುತ್ತದೆ. ದುರಸ್ತಿ ಮುಂದೂಡಿದ್ದರಿಂದ ಒಮ್ಮೆಲೇ ದೊಡ್ಡ ಖರ್ಚು ಬಂತು, ಆ ಖರ್ಚಿನಿಂದ ದರ ಏರಿತು, ಆ ಏರಿಕೆಯ ಭಯದಿಂದ ಅಪಾಯದ ಸಾಲ ಆಕರ್ಷಕವಾಗಿ ಕಂಡಿತು.

ಅಂದಾಜು ತಪ್ಪಿದಾಗ

ಬಂಡವಾಳ ಯೋಜನೆಯ ತಳಪಾಯ ಭವಿಷ್ಯದ ಬೇಡಿಕೆಯ ಅಂದಾಜು. ಅಮೆರಿಕದ ವಾಷಿಂಗ್ಟನ್ ರಾಜ್ಯದ ಸಾರ್ವಜನಿಕ ವಿದ್ಯುತ್ ಸಂಸ್ಥೆಗಳು ಕೂಡಿ ಕಟ್ಟಿಕೊಂಡಿದ್ದ ವಿದ್ಯುತ್ ಒಕ್ಕೂಟವೊಂದು 1970ರ ದಶಕದಲ್ಲಿ ಐದು ಅಣು ಸ್ಥಾವರಗಳಿಗೆ ಕೈಹಾಕಿತು. ಬೇಡಿಕೆ ಹತ್ತು ವರ್ಷಕ್ಕೊಮ್ಮೆ ದುಪ್ಪಟ್ಟಾಗುತ್ತದೆ ಎಂಬ ಹಳೆಯ ಅನುಭವವೇ ಅದಕ್ಕೆ ಆಧಾರ. ಆದರೆ ವಿದ್ಯುತ್ ದುಬಾರಿಯಾದಂತೆ ಜನ ಬಳಕೆ ಕಡಿಮೆ ಮಾಡಿದರು. ಅತ್ತ ಸುಮಾರು 410 ಕೋಟಿ ಡಾಲರ್ ಎಂದಿದ್ದ ಖರ್ಚಿನ ಅಂದಾಜು 2,400 ಕೋಟಿಯ ಹತ್ತಿರ ಹೋಯಿತು. 1982ರಲ್ಲಿ ನಾಲ್ಕನೆಯ ಮತ್ತು ಐದನೆಯ ಸ್ಥಾವರಗಳನ್ನು ಕೈಬಿಟ್ಟರು. ಕಟ್ಟದ ಸ್ಥಾವರದ ಸಾಲವನ್ನೂ ತೀರಿಸುತ್ತೇವೆಂದು ಅದರಲ್ಲಿ ಪಾಲುಗೊಂಡ 88 ಸಂಸ್ಥೆಗಳು ಸಹಿ ಹಾಕಿದ್ದವು. ಹಾಗೆ ಸಹಿ ಹಾಕಲು ಅವುಗಳಲ್ಲಿ ವಾಷಿಂಗ್ಟನ್ ರಾಜ್ಯದ ಸಾರ್ವಜನಿಕ ಸಂಸ್ಥೆಗಳಿಗೆ ಅಧಿಕಾರವೇ ಇರಲಿಲ್ಲ ಎಂದು 1983ರಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ಹೇಳಿತು. 225 ಕೋಟಿ ಡಾಲರ್ ಬಾಂಡ್ ಮುಳುಗಿತು. ಐದರಲ್ಲಿ ಪೂರ್ತಿಯಾದದ್ದು ಒಂದೇ ಸ್ಥಾವರ.

ಕಡಿಮೆ ಬಳಕೆ ಒಳ್ಳೆಯದೇ ಆದಾಗಲೂ ಹಣಕಾಸಿಗೆ ಪೆಟ್ಟು ಬೀಳಬಹುದು. ಬರಗಾಲದಲ್ಲಿ ಕೇಪ್‌ಟೌನ್ ಜನ ದಿನಕ್ಕೆ ಸುಮಾರು 120 ಕೋಟಿ ಲೀಟರ್ ಇದ್ದ ಬಳಕೆಯನ್ನು 2018ರ ಆರಂಭಕ್ಕೆ 50 ಕೋಟಿ ಲೀಟರ್ ಆಸುಪಾಸಿಗೆ ಇಳಿಸಿದರು. ನಗರ ಉಳಿಯಿತು. ಆದರೆ ಆದಾಯ ನೀರಿನ ಅಳತೆಯ ಮೇಲೆ ನಿಂತಿತ್ತು, ಪೈಪ್, ಪಂಪ್, ಸಿಬ್ಬಂದಿಯ ಖರ್ಚು ಹಾಗೇ ಇತ್ತು. ಆ ವರ್ಷವೇ ನಗರಾಡಳಿತ ಬಳಕೆಗೆ ಸಂಬಂಧವಿಲ್ಲದ ಸ್ಥಿರ ಶುಲ್ಕ ತಂದಿತು. ನೀರು ಉಳಿಸಿದ್ದಕ್ಕೆ ದಂಡವೇ ಎಂದು ಜನರಿಗೆ ಅನಿಸುವುದು ಸಹಜ. ಆದರೆ ಇಂಥ ಸಂಸ್ಥೆಯ ಖರ್ಚಿನಲ್ಲಿ ದೊಡ್ಡ ಪಾಲು ನೀರು ಹರಿದರೂ ಹರಿಯದಿದ್ದರೂ ಬಂದೇ ಬರುವಂಥದ್ದು.

ಕಾವಲಿಗೆ ಯಾರಿದ್ದಾರೆ?

"ಲೆಕ್ಕಪರಿಶೋಧನೆಯಲ್ಲಿ ತಪ್ಪು ಸಿಕ್ಕಿಲ್ಲ" ಎಂಬ ಮಾತನ್ನು ಜನ ಸಂಸ್ಥೆ ಆರೋಗ್ಯವಾಗಿದೆ ಎಂಬ ಪ್ರಮಾಣಪತ್ರದಂತೆ ಓದುತ್ತಾರೆ. ಲೆಕ್ಕಪರಿಶೋಧಕರು ಹೇಳುವುದು ಅದನ್ನಲ್ಲ. ಬರೆದ ಅಂಕಿಗಳು ನಿಯಮದಂತೆ ಇವೆ ಎಂದಷ್ಟೇ ಅವರ ಮಾತು. ಪೈಪ್ ತುಕ್ಕು ಹಿಡಿದಿದೆಯೇ ಎಂದು ನೋಡುವುದು ಅವರ ಕೆಲಸವಲ್ಲ. ಶ್ರೇಣಿ ನೀಡುವ ಸಂಸ್ಥೆ ಮುಖ್ಯವಾಗಿ ಸಾಲ ಮರಳಿ ಬರುತ್ತದೆಯೇ ಎಂದು ನೋಡುತ್ತದೆ. ಪರಿಸರ ಇಲಾಖೆ ನೀರಿನ ಗುಣಮಟ್ಟ ನೋಡುತ್ತದೆ. ಆಡಳಿತ ಮಂಡಳಿ, ಅಧಿಕಾರಿಗಳು ಸಿದ್ಧಪಡಿಸಿ ಕೊಟ್ಟ ಹಾಳೆಗಳನ್ನು ನೋಡುತ್ತದೆ. ಎಲ್ಲರೂ ತಮ್ಮ ಪಾಲಿನ ಕೆಲಸ ಸರಿಯಾಗಿಯೇ ಮಾಡಿರಬಹುದು, ಆದರೂ ಪೈಪಿನ ಸ್ಥಿತಿ, ಅದನ್ನು ಬದಲಿಸುವ ಖರ್ಚು, ಆ ಖರ್ಚಿನ ಮೂಲ ಈ ಮೂರನ್ನೂ ಒಟ್ಟಿಗೆ ನೋಡುವ ಕಣ್ಣು ಒಂದೂ ಇರುವುದಿಲ್ಲ.

ಅಂಕಿಗಳನ್ನು ತಯಾರಿಸುವವರ ಹಿತಾಸಕ್ತಿಯೇ ಅಡ್ಡ ಬಂದರೆ? ಫ್ಲಾರಿಡಾದ ಜ್ಯಾಕ್ಸನ್‌ವಿಲ್ ನಗರದ ಒಡೆತನದಲ್ಲಿರುವ ವಿದ್ಯುತ್–ನೀರು ಸಂಸ್ಥೆ ಜೆಇಎಯಲ್ಲಿ 2019ರಲ್ಲಿ ಹಾಗಾಯಿತು. ಬೇಡಿಕೆ ಕುಸಿಯುತ್ತದೆ, ಇದ್ದಂತೆ ನಡೆದರೆ ದರ ಏರಿಸಿ ನೌಕರರನ್ನು ತೆಗೆಯಬೇಕಾಗುತ್ತದೆ ಎಂಬ ಕರಾಳ ಚಿತ್ರವನ್ನು ಅಧಿಕಾರಿಗಳು ಮಂಡಳಿಯ ಮುಂದಿಟ್ಟರು. ಸಂಸ್ಥೆಯ ಮಾರಾಟದ ಬಾಗಿಲು ತೆರೆಯಿತು. ಜೊತೆಯಲ್ಲೇ ಒಪ್ಪಿಗೆ ಪಡೆದ, ಅಧಿಕಾರಿಗಳು–ನೌಕರರ ಪ್ರೋತ್ಸಾಹಧನ ಯೋಜನೆಯನ್ನು ನಗರ ಪರಿಷತ್ತಿನ ಲೆಕ್ಕಪರಿಶೋಧಕರ ಕಚೇರಿ ಕೂತು ಲೆಕ್ಕ ಹಾಕಿತು. ಮಾರಾಟವಾದರೆ ಅದರಡಿ ನೂರಾರು ಮಿಲಿಯನ್ ಡಾಲರ್ ಹಂಚಿಕೆಯಾಗಬಹುದು ಎಂದು ತಿಳಿಯಿತು. ಮಾರಾಟ ನಿಂತಿತು, 2024ರಲ್ಲಿ ಮಾಜಿ ಮುಖ್ಯಸ್ಥ ವಂಚನೆ ಪ್ರಕರಣದಲ್ಲಿ ಅಪರಾಧಿ ಎಂದು ತೀರ್ಮಾನವಾಯಿತು. ಬೇಲಿಯೇ ಹೊಲ ಮೇಯುವುದನ್ನು ತಡೆದದ್ದು ಆ ಸಂಸ್ಥೆಗೆ ಉತ್ತರ ಕೊಡಬೇಕಿಲ್ಲದ, ಅಂಕಿಗಳನ್ನು ತಾನೇ ಮತ್ತೆ ಕೂಡಿ ನೋಡುವ ಅಧಿಕಾರವಿದ್ದ ಒಂದು ಕಚೇರಿ.

ವಸೂಲಿ ಇಲ್ಲದ ಕಡೆ ಯೋಜನೆಯೂ ಇಲ್ಲ

ಸಂಸ್ಥೆಯ ಹಣವನ್ನು ನಗರಾಡಳಿತ ಬೇರೆ ಕೆಲಸಕ್ಕೆ ಬಳಸಬಹುದೇ ಎಂಬುದು ಇನ್ನೊಂದು ಜಗಳ. ಆಸ್ತಿ ನಗರದ್ದು, ಅದರ ಗಳಿಕೆಯಿಂದ ರಸ್ತೆ, ಉದ್ಯಾನ ಆದರೆ ತಪ್ಪೇನು ಎನ್ನುತ್ತಾರೆ ಸದಸ್ಯರು. ತೆರಿಗೆ ಏರಿಸದೆ ಆಡಳಿತ ನಡೆಸಲು ಇದು ಸುಲಭದ ದಾರಿ. ಆದರೆ ಪೈಪಿಗೆಂದು ಬಿಲ್ ಕಟ್ಟಿದವರ ಹಣ ಬೇರೆಡೆ ಹೋದರೆ ನೀರಿನ ಬಿಲ್ಲೇ ಒಂದು ಗುಪ್ತ ತೆರಿಗೆಯಾಗುತ್ತದೆ. ಬಡ ಮನೆಯೂ ನೀರು ಬಳಸಲೇಬೇಕಾದ್ದರಿಂದ ಅದು ಅವರ ಮೇಲೆಯೇ ಹೆಚ್ಚು ಭಾರವಾಗಿ ಬೀಳುತ್ತದೆ. ನೀರಿನ ಖಾತೆ ಪ್ರತ್ಯೇಕವಾಗಿರಬೇಕು, ನಗರಕ್ಕೆ ಕೊಡುವುದಿದ್ದರೆ ಅದಕ್ಕೊಂದು ಲಿಖಿತ ಮಿತಿ ಇರಬೇಕು.

ವಸೂಲಿಯೇ ಕುಸಿದರೆ ಏನಾಗುತ್ತದೆ ಎಂಬುದನ್ನು ಮಿಸಿಸಿಪ್ಪಿಯ ಜ್ಯಾಕ್ಸನ್ ನಗರ ಅನುಭವಿಸಿತು. ಹೊಸ ಮೀಟರು, ಹೊಸ ಬಿಲ್ಲಿಂಗ್‌ಗೆಂದು ಸುಮಾರು 9 ಕೋಟಿ ಡಾಲರ್‌ನ ಗುತ್ತಿಗೆ ಕೊಟ್ಟರು. ವ್ಯವಸ್ಥೆ ಕೈಕೊಟ್ಟು ಸಾವಿರಾರು ಮನೆಗಳಿಗೆ ಸರಿಯಾದ ಬಿಲ್ಲೇ ಹೋಗಲಿಲ್ಲ. ಆದಾಯ ಬತ್ತಿತು, ದುರಸ್ತಿ ನಿಂತಿತು. 2022ರ ಆಗಸ್ಟ್‌ನಲ್ಲಿ ಪರ್ಲ್ ನದಿ ಉಕ್ಕಿದಾಗ ಮೊದಲೇ ಸೋತಿದ್ದ ಮುಖ್ಯ ಘಟಕ ನಿಂತುಹೋಯಿತು. ಸುಮಾರು 1.5 ಲಕ್ಷ ಜನರಿಗೆ ಕುಡಿಯುವ ನೀರಿಲ್ಲ, ಶೌಚಾಲಯಕ್ಕೂ ಇಲ್ಲ. ವರ್ಷ ಮುಗಿಯುವ ಮೊದಲೇ ನ್ಯಾಯಾಲಯ ವ್ಯವಸ್ಥೆಯನ್ನು ನಗರದ ಕೈಯಿಂದ ತೆಗೆದು ತಾನು ನೇಮಿಸಿದ ವ್ಯವಸ್ಥಾಪಕರಿಗೆ ಒಪ್ಪಿಸಿತು. ಅಮೆರಿಕದ ಸಂಸತ್ತು 60 ಕೋಟಿ ಡಾಲರ್ ಕೊಡಬೇಕಾಯಿತು.

ಇದಕ್ಕೆ ತಿರುಗುಮುರುಗಾದ ದಾರಿ ಕಾಂಬೋಡಿಯಾದ ನಾಮ್‌ಪೆನ್‌ನದು. ಯುದ್ಧದಿಂದ ಜರ್ಜರಿತವಾದ ಆ ನಗರದಲ್ಲಿ 1993ರಲ್ಲಿ ನೀರಿನ ಶೇ 72ರಷ್ಟು ಸೋರಿಕೆ ಮತ್ತು ಕಳವಿನಲ್ಲೇ ಹೋಗುತ್ತಿತ್ತು. ಆ ವರ್ಷ ಸಂಸ್ಥೆಯ ಹೊಣೆ ಹೊತ್ತ ಏಕ್ ಸೋನ್ ಚಾನ್ ಮೊದಲು ಹೊಸ ಘಟಕಗಳ ಬೆನ್ನು ಹತ್ತಲಿಲ್ಲ. ಮನೆ ಮನೆಗೆ ಮೀಟರು, ಗ್ರಾಹಕರ ಸರಿಯಾದ ಪಟ್ಟಿ, ಬಲಾಢ್ಯರಿಂದಲೂ ವಸೂಲಿ ಇವುಗಳಿಂದ ಶುರುಮಾಡಿದರು. 1996ರಲ್ಲಿ ಸಂಸ್ಥೆಗೆ ತನ್ನ ಲೆಕ್ಕ ತಾನೇ ನೋಡಿಕೊಳ್ಳುವ ಸ್ವಾಯತ್ತತೆ ಸಿಕ್ಕಿತು. ಕ್ರಮೇಣ ನಷ್ಟ ಶೇ 6ರ ಆಸುಪಾಸಿಗೆ ಇಳಿಯಿತು, ದಿನದ 24 ಗಂಟೆಯೂ ನೀರು ಬಂತು. ಬಂದ ನೀರಿಗೆ ಜನ ಹಣ ಕಟ್ಟಿದರು, ಆ ಹಣ ಮತ್ತೆ ಪೈಪಿಗೆ ಹೋಯಿತು.

ಮುಂದೇನು?

ಮಿಗತೆ, ದರ ಏರಿಕೆ, ಸಾಲ ಮೂರೂ ಒಂದೇ ಸಭೆಗೆ ಬಂದಿರುವ ಊರಿನಲ್ಲಿ ಎರಡು ಬಗೆಯ ಫಲ ಸಾಧ್ಯ. ಜನರ ಸಿಟ್ಟಿಗೆ ಹೆದರಿ ದರವನ್ನು ತಡೆದರೆ ಮೊದಲು ಬಲಿಯಾಗುವುದು ಪೈಪ್ ಬದಲಾವಣೆ. ಸಂಬಳವನ್ನೂ ವಿದ್ಯುತ್ ಬಿಲ್ಲನ್ನೂ ಕಡಿಯಲಾಗದು, ಕಣ್ಣಿಗೆ ಕಾಣದ ಕೆಲಸವನ್ನು ಕಡಿಯಬಹುದು. ಎರಡು ಮೂರು ವರ್ಷ ಏನೂ ಆಗುವುದಿಲ್ಲ. ಆಮೇಲೆ ಮೀಸಲು ಕರಗುತ್ತದೆ, ಶ್ರೇಣಿ ಇಳಿಯುತ್ತದೆ, ಮುಂದಿನ ಸಾಲಕ್ಕೆ ಹೆಚ್ಚು ಬಡ್ಡಿ ಬೀಳುತ್ತದೆ. ಶೇ 5ರಷ್ಟು ಏರಬೇಕಿದ್ದ ದರ ಒಮ್ಮೆಲೇ ಶೇ 30ರಷ್ಟು ಏರುವುದು ಹೀಗೇ.

ದರ ಏರಿಸಿ, ಕೇಳಿದಷ್ಟು ಸಾಲಕ್ಕೂ ಕಣ್ಣುಮುಚ್ಚಿ ಒಪ್ಪಿದರೆ ಅದೂ ಕೇಡೇ. ಕೆಲಸ ಮಾಡುವ ಶಕ್ತಿಯಿಲ್ಲದ ಸಂಸ್ಥೆಯ ಕೈಗೆ ಬಂದ ಸಾಲದ ಹಣ ಖಾತೆಯಲ್ಲಿ ಕೂತು ಬಡ್ಡಿ ತಿನ್ನುತ್ತದೆ. ಒಪ್ಪಿಗೆ ಕೊಡುವ ಮುನ್ನ ಸದಸ್ಯರು ಪಡೆಯಬೇಕಾದ ಕಾಗದ ಬಹಳವಿಲ್ಲ: ಯಾವ ಪೈಪು, ಯಾವ ಘಟಕ ಯಾವ ಸ್ಥಿತಿಯಲ್ಲಿದೆ ಎಂಬ ಪಟ್ಟಿ, ಕಳೆದ ಐದು ವರ್ಷ ಯೋಜಿಸಿದ್ದರಲ್ಲಿ ಮುಗಿದದ್ದು ಎಷ್ಟು ಎಂಬ ಲೆಕ್ಕ, ಬೇಡಿಕೆ ಅಂದುಕೊಂಡದ್ದಕ್ಕಿಂತ ಶೇ 20ರಷ್ಟು ಕಡಿಮೆಯಾದರೆ ಕಂತು ಎಲ್ಲಿಂದ ಬರುತ್ತದೆ ಎಂಬ ಉತ್ತರ. ಬಡ ಮನೆಗಳ ಬಿಲ್ಲಿಗೆ ಎಷ್ಟು ರಿಯಾಯಿತಿ, ಅದನ್ನು ಯಾರು ತುಂಬಿಕೊಡುತ್ತಾರೆ ಎಂಬುದೂ ಅದೇ ಕಾಗದದಲ್ಲಿರಬೇಕು. ಇವು ಸಾರ್ವಜನಿಕರಿಗೂ ಸಿಗುವಂತಿದ್ದರೆ ಏರಿಕೆ ನ್ಯಾಯವೋ ಅಲ್ಲವೋ ಎಂದು ಬಿಲ್ ಕಟ್ಟುವವರೇ ಅಳೆಯಬಲ್ಲರು.

ಜೆಫರ್ಸನ್ ಕೌಂಟಿ 2013ರ ಡಿಸೆಂಬರ್‌ನಲ್ಲಿ ದಿವಾಳಿಯಿಂದ ಹೊರಬಂತು. ಹಳೆಯ ಸಾಲದ ಜಾಗದಲ್ಲಿ ಸುಮಾರು 178 ಕೋಟಿ ಡಾಲರ್ ಹೊಸ ಸಾಲ ಎತ್ತಿತು. ಅದರ ಕಂತುಗಳು 40 ವರ್ಷದವರೆಗೆ ಚಾಚಿದ್ದವು, ಒಳಚರಂಡಿ ದರ ವರ್ಷವರ್ಷವೂ ಏರುತ್ತಿರಬೇಕೆಂಬುದು ಆ ಒಪ್ಪಂದದಲ್ಲೇ ಬರೆದಿತ್ತು.